ಅಣ್ಣನ ಸೊಟ್ಟ ಗೋಡೆ

ಪ್ರೀತಿಯ ಅತ್ತಿಗೆ,

ಮೊನ್ನೆ ಆಸ್ಪತ್ರೆಯಲ್ಲಿ ನೀವು ನನ್ನ ಮುಖವನ್ನೂ ನೋಡದೆ ಆಡಿದ ಮಾತಿಗೆ ಅಲ್ಲೇ ಉತ್ತರ ಕೊಡಬೇಕೆಂದಿದ್ದೆ. ಬಾಯಿ ತೆರೆದರೆ ಅತ್ತುಬಿಡುತ್ತಿದ್ದೆ, ಅದಕ್ಕೇ ಎದ್ದು ಬಂದೆ. "ಕಾಲು ಹೋಯ್ತು, ಸರಿ. ಬಚ್ಚಲಿಗೆ ಹೋಗೋಕೂ ನಿನ್ನನ್ನ ಕರೀಬೇಕು ಅಂದ್ರೆ ನಾನು ಆ ಮನೆಗೆ ಬರಲ್ಲ. ಎಲ್ಲಾದ್ರೂ ಒಂದು ಆಶ್ರಮ ನೋಡು" ಎಂದಿರಿ. ಅಣ್ಣ ತೀರಿಕೊಂಡ ಮೇಲೆ ಈ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ನೀವೂ ಬರದಿದ್ದರೆ ನಾನು ಯಾರ ಜೊತೆ ಜಗಳ ಆಡಲಿ ಹೇಳಿ?

ಮನೆಗೆ ಬಂದವಳೇ ಟೇಪು ಹಿಡಿದು ನಿಮ್ಮ ಕೋಣೆ ಅಳೆದು, ಕಂಪ್ಯೂಟರಿನಲ್ಲಿ ನಕ್ಷೆ ಬರೆಯಲು ಕೂತೆ. ವೀಲ್‌ಚೇರು ಯಾರ ಹಂಗೂ ಇಲ್ಲದೆ ತಿರುಗಿ ಬಚ್ಚಲಿಗೆ ಹೋಗಬೇಕು, ಅದೊಂದೇ ನನ್ನ ಹಟ. ನಾಲ್ಕು ಗೋಡೆ ಎಳೆದರೆ ಕೊನೆಯ ಗೆರೆ ಮೊದಲನೆಯದನ್ನು ಮುಟ್ಟಲೇ ಇಲ್ಲ. ಅರ್ಧ ಅಡಿ ಬಾಯಿ ಬಿಟ್ಟುಕೊಂಡು ನಿಂತಿತು.

ಆ ತುದಿಯನ್ನು ಮೌಸಿನಿಂದ ಎಳೆದು ಸೇರಿಸಿಬಿಡಲು ಕೈ ತುರಿಸಿತು. ನನಗೆ ಈ ಕೆಲಸ ಕಲಿಸುವಾಗ ನೀವು ಬೈದದ್ದು ಕಿವಿಯಲ್ಲೇ ಇದೆಯಲ್ಲ: "ಥೂ, ಎಳೆದು ಅಂಟಿಸ್ತೀಯೇನೇ? ಸ್ಕ್ರೀನ್ ಮೇಲೆ ಚೆನ್ನಾಗೇ ಕಾಣುತ್ತೆ, ಆಮೇಲೆ ಕಟ್ಟೋರು ತಲೆ ಚಚ್ಕೋಬೇಕು. ಹೋಗು, ಮೂಲೆಯಿಂದ ಎದುರು ಮೂಲೆಗೆ ಅಳೆದ್ಕೊಂಡು ಬಾ!" ಆಗ ನೀವು ಅತ್ತಿಗೆಯಲ್ಲ, ಸಾಕ್ಷಾತ್ ರಾಕ್ಷಸಿ. ಈಗಲೂ ಗೊಣಗುತ್ತಲೇ ಹೋಗಿ ಅಳೆದೆ; ಎರಡು ಅಳತೆ ಒಂದಕ್ಕೊಂದು ಹೊಂದಲಿಲ್ಲ.

ಗೆರೆಗಳನ್ನು ನೆಟ್ಟಗೆ ಮಾತ್ರ ಎಳೆಯಲು ಬಿಡುವ ಆ ಆರ್ಥೋ ಗುಂಡಿಯನ್ನು ಆಫ್ ಮಾಡದೆಯೇ ಬರೆದಿದ್ದೆ. ಆಫ್ ಮಾಡಿ ಮತ್ತೆ ಬರೆದಾಗ ಬಚ್ಚಲ ಕಡೆಯ ಗೋಡೆ ತೊಂಬತ್ತು ಡಿಗ್ರಿ ಬಿಟ್ಟು ಎಂಬತ್ತೇಳಕ್ಕೆ ವಾಲಿತು. ಅಣ್ಣ ರಜೆಯಲ್ಲಿ ತಾನೇ ಕಟ್ಟಿದ ಗೋಡೆ! ಅದಕ್ಕೆ ಬೀರು ಒತ್ತಿ ನಿಲ್ಲುವುದೇ ಇಲ್ಲವೆಂದು ನೀವು ರೇಗಿಸಿದರೆ, "ಗಾಳಿ ಆಡ್ಲಿ ಅಂತ ಬೇಕಂತಲೇ ಬಿಟ್ಟಿದ್ದೀನಿ ಕಣೇ" ಎನ್ನುತ್ತಿದ್ದ. ಒಬ್ಬಳೇ ಕೂತು ನಕ್ಕೆ, ಆಮೇಲೆ ಅಳು ತಡೆಯಲಾಗಲಿಲ್ಲ.

ವೀಲ್‌ಚೇರು ತಿರುಗುವಷ್ಟು ದೊಡ್ಡ ವೃತ್ತವೊಂದನ್ನು ಬಚ್ಚಲಿನ ಹಳೆಯ ಬಾಗಿಲ ಮುಂದೆ ಇಟ್ಟು ನೋಡಿದೆ. ಗೋಡೆಗೆ ತಾಗಿತು. ಅವನ ಗೋಡೆ ಕೆಡವಬೇಕೇನೋ ಎಂದುಕೊಂಡೆ. ಅದೇ ವೃತ್ತವನ್ನು ಕೋಣೆಯ ಇನ್ನೊಂದು ತುದಿಗೆ ಸರಿಸಿದೆ. ಗೋಡೆ ಅತ್ತ ಹೋದಂತೆ ಹೊರಕ್ಕೆ ಓರೆಯಾಗಿರುವುದರಿಂದ ಅಲ್ಲಿ ಕೋಣೆ ಅರ್ಧ ಅಡಿ ಹೆಚ್ಚು ಅಗಲ. ವೃತ್ತ ಸಲೀಸಾಗಿ ಕೂತಿತು ಅತ್ತಿಗೆ. ಅಣ್ಣ ನೆಟ್ಟಗೆ ಕಟ್ಟಿದ್ದರೆ ಕೂರುತ್ತಿರಲಿಲ್ಲ.

ಬಾಗಿಲನ್ನು ಅಲ್ಲಿಗೆ ಬದಲಿಸಿದ್ದೇನೆ, ಅವನ ಗೋಡೆಯ ಓರೆಗೆ ಸರಿಯಾಗಿ. ನಕ್ಷೆ ನೋಡಿದ ಮೇಸ್ತ್ರಿ, "ಸೊಟ್ಟ ಇದೆಯಲ್ಲಮ್ಮ, ನೆಟ್ಟಗೆ ಮಾಡ್ಲಾ?" ಎಂದರು. ಬೇಡವೇ ಬೇಡ ಎಂದೆ.

ನಕ್ಷೆ ಜೊತೆಗಿಟ್ಟಿದ್ದೇನೆ. ತಪ್ಪು ಹುಡುಕದೆ ನೀವು ಬಿಡುವವರಲ್ಲ, ಅದೂ ಗೊತ್ತು. ಒಂದು ಅಳತೆ ಬರೆದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಬಾಗಿಲ ಹಿಡಿ ಎಷ್ಟು ಎತ್ತರದಲ್ಲಿರಬೇಕು? ಕುರ್ಚಿಯಲ್ಲಿ ಕೂತ ನಿಮ್ಮ ಕೈ ಎಲ್ಲಿಗೆ ನಿಲುಕುತ್ತದೋ ಅಲ್ಲಿಗೆ. ಅದನ್ನು ಊಹಿಸಿ ಬರೆದರೆ ನೀವೇ ಬೈಯುತ್ತೀರಿ. ಟೇಪು ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ, ಬನ್ನಿ.

ನಿಮ್ಮ ಕೈಗಳು ನೂರು ಕಾಲ ಗಟ್ಟಿಯಾಗಿರಲಿ.

ನಿಮ್ಮಿಂದ ಬೈಸಿಕೊಳ್ಳಲು ಕಾದಿರುವ,
ನಾದಿನಿ