ಹರಿಹರದಲ್ಲೂ ಇರುತ್ತದೆ ಅಂದುಕೊಂಡದ್ದು

ದೇವರಾಜ ಅರಸು ಬಡಾವಣೆ, ದಾವಣಗೆರೆ
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಸಹನಾ, ನನ್ನ ಪುಟ್ಟೀ,

‘ಎರಡು ಊರಲ್ಲಿ ಹಚ್ಚಿಟ್ಟ ದೀಪ ಒಂದೇ ಗಾಳಿಗೆ ಆರದು’ ಎಂಬ ಸಾಲೊಂದು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಂ.ಎ. ಓದುವಾಗ ಯಾವುದೋ ಹಳೆಯ ಪತ್ರಿಕೆಯಲ್ಲಿ ಕಂಡದ್ದು. ಮುಂದಿನ ಸಾಲು ಮರೆತಿದೆ, ಬರೆದವರ ಹೆಸರೂ ನೆನಪಿಲ್ಲ. ಆಗ ಬಹಳ ಮೆಚ್ಚಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಈಗ ಕೇಳಬೇಕೆನಿಸುತ್ತದೆ, ನಿಜವಾಗಿಯೂ ಆರದೇ? ಅವರು ಹಚ್ಚಿ ನೋಡಿದ್ದರೇ?

ಇರಲಿ. ಎಮ್ಮೆ ಒದ್ದ ಮೊಣಕಾಲು ಹೇಗಿದೆ? ಊತ ಇಳಿಯಿತೇ? ಬೀದರಿನಲ್ಲಿ ಮಳೆ ಹಿಡಿದಿದೆ ಎಂದಿದ್ದೆ, ಒದ್ದೆ ಬೂಟಿನಲ್ಲಿ ದಿನವಿಡೀ ಕೊಟ್ಟಿಗೆಯಲ್ಲಿ ನಿಲ್ಲಬೇಡ. ದನಗಳಿಗೆ ಹೊತ್ತಿಗೆ ಸರಿಯಾಗಿ ಮೇವು ಬಿತ್ತೇ ಎಂದು ನೋಡುವವಳು ತಾನು ಉಂಡೆನೇ ಎಂದು ನೋಡಿಕೊಳ್ಳುವುದಿಲ್ಲ, ಅದು ನನಗೆ ಗೊತ್ತು. ಶೇಂಗಾ ಚಟ್ನಿಪುಡಿ ಮುಗಿದಿದ್ದರೆ ತಿಳಿಸು. ನಾನು ಚೆನ್ನಾಗಿದ್ದೇನೆ.

ಗಣಪತಿ ಹಬ್ಬದ ಮರುದಿನ ನೀನು ಫೋನಿನಲ್ಲಿ, “ಅಮ್ಮಾ, ಈಗ ಓದ್ತೀನಿ. ಅಪ್ಪ ಬರೆದಿಟ್ಟಿದ್ದು ಕಳಿಸು” ಅಂದೆಯಲ್ಲ, ಅಪ್ಪ ಹೋದ ಈ ಒಂದೂವರೆ ವರ್ಷದಲ್ಲಿ ನಾನು ಕಾಯುತ್ತಿದ್ದದ್ದು ಆ ಮಾತಿಗೇ. ಕಳಿಸ್ತೀನಿ ಅಂದೆ. ಕಳಿಸಲಾರೆ, ಮಗಳೇ. ಅದು ಈಗ ಇಲ್ಲ. ಇದನ್ನು ಫೋನಿನಲ್ಲಿ ಹೇಳಲು ಎರಡು ಸಲ ಹೋಗಿ, ಊಟ ಆಯ್ತೇ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ಹೇಗಾಯಿತೆಂದು ಹೇಳುತ್ತೇನೆ. ಅಪ್ಪ ಇಲ್ಲಿ, ಹಾಲಸ್ವಾಮಿ ಚಿಕ್ಕಪ್ಪ ಹರಿಹರದಲ್ಲಿ, ಜನರ ಕ್ರಯಪತ್ರ, ವಿಭಾಗಪತ್ರ ಬರೆದುಕೊಡುತ್ತಿದ್ದರಲ್ಲ, ಆ ಎರಡೂ ಆಫೀಸಿನಲ್ಲಿ ಒಂದೊಂದು ಸರ್ವರ್ ಇದೆ. ಇಲ್ಲಿನ ಫೋಲ್ಡರುಗಳೂ ಅಲ್ಲಿನ ಫೋಲ್ಡರುಗಳೂ ಸದಾ ಒಂದೇ ಇರುವಂತೆ ಅಪ್ಪ ಮಾಡಿಸಿದ್ದರು. ಇಲ್ಲಿ ಇಟ್ಟ ಪತ್ರ ಚಹಾ ಆರುವುದರೊಳಗೆ ಅಲ್ಲಿಯೂ ಇರುತ್ತಿತ್ತು. ನನಗೆ ತಿಳಿದಿದ್ದದ್ದು ಇಷ್ಟೇ. ಉಳಿದರ್ಧ ತಿಳಿದಿರಲಿಲ್ಲ. ಹಿಂದೊಮ್ಮೆ ಕಡರನಾಯಕನಹಳ್ಳಿಯ ಅಣ್ಣತಮ್ಮಂದಿರು ಇಲ್ಲಿ ರದ್ದು ಮಾಡಿಸಿದ್ದ ಕರಡು ಹರಿಹರದಲ್ಲಿ ಹಾಗೇ ಉಳಿದು, ಅಲ್ಲಿ ಅದನ್ನೇ ಪ್ರಿಂಟ್ ತೆಗೆದುಕೊಟ್ಟು, ಅವರು ಕೈಕೈ ಮಿಲಾಯಿಸುವವರೆಗೆ ಹೋಗಿತ್ತಂತೆ. “ಎರಡು ಊರಾಗೆ ಎರಡು ಮಾತು ಇರಬಾರ್ದು” ಎಂದು ಅಪ್ಪ ಅವತ್ತೇ ಹೊಸ ಏರ್ಪಾಡು ಮಾಡಿಸಿದರು. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ತಾನಾಗಿ ಅಳಿಯಬೇಕು.

ಕೊನೆಯ ನಾಲ್ಕು ತಿಂಗಳು, ಜನರೆಲ್ಲ ಹೋದ ಮೇಲೆ ಕೂತು ಅವರು ಟೈಪ್ ಮಾಡಿದ್ದು ‘ಸಹನಾಗೆ’ ಎಂಬ ಫೋಲ್ಡರಿನಲ್ಲಿತ್ತು. ನಿನ್ನದೆಂದು ನಾನು ತೆರೆದು ನೋಡಿರಲಿಲ್ಲ. ಅಪ್ಪನ ನಂತರ ಇಲ್ಲಿನ ಆಫೀಸಿನಲ್ಲಿ ನಾನೇ ಕೂರುತ್ತಿದ್ದೇನಲ್ಲ, ಈ ಜೂನ್‌ನಲ್ಲಿ ಸರ್ವರಿನಲ್ಲಿ ಜಾಗ ತುಂಬಿತ್ತು. ಹಳೆಯದನ್ನೆಲ್ಲ ತೆಗೆಯುವಾಗ ಅದನ್ನೂ ತೆಗೆದೆ. ಹರಿಹರದಾಗೆ ಐತಲ್ಲ ಅಂದುಕೊಂಡೆ.

ನೀನು ಕೇಳಿದ ಮರುದಿನವೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಚಿಕ್ಕಪ್ಪ ಹುಡುಕಿದರು, ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು. “ಅತ್ತಿಗೀ, ನೀವು ಅಲ್ಲಿ ತೆಗೆದ್ರೆ ಇಲ್ಲೂ ಹೋಗ್ತೈತ್ರಿ. ಅಣ್ಣನೇ ಹಂಗೆ ಮಾಡ್ಸಿದ್ದ. ನಿಮಗೆ ಹೇಳಿರ್ಲಿಲ್ಲೇನು?” ಅಂದರು. ಅಳಿಸಿದ್ದು ಮೂವತ್ತು ದಿನ ಸರ್ವರಿನಲ್ಲೇ ಬೇರೊಂದು ಕಡೆ ಉಳಿದಿರುತ್ತದಂತೆ. ಮೂರು ತಿಂಗಳಾಗಿತ್ತು. ಅವರು ತರಿಸಿದ ಚಹಾ ಹಾಗೇ ಬಿಟ್ಟು ಎದ್ದುಬಂದೆ.

ಕಂಪ್ಯೂಟರ್ ರಿಪೇರಿಯ ಹಿದಾಯತ್ ಎರಡೂ ಆಫೀಸಿನ ಡಿಸ್ಕ್ ತೆಗೆದುಕೊಂಡು ಹೋಗಿ ಮೂರು ದಿನ ಕೂತ. ನಿನ್ನೆ ಬಂದ. “ಮೇಡಂ, ಫೈಲಿನ ಹೆಸರಷ್ಟೇ ಸಿಕ್ಕಾವ್ರಿ. ಒಳಗೆ ಏನೂ ಉಳಿದಿಲ್ಲ. ಅದರ ಜಾಗದಾಗೆ ಹೊಸ ಸ್ಕ್ಯಾನ್ ಬಂದು ಕೂತೈತೆ.” ದುಡ್ಡು ಬ್ಯಾಡ ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಹತ್ತೊಂಬತ್ತು ಹೆಸರುಗಳು. ಇದರ ಜೊತೆಗಿರುವ ಹಾಳೆಯಲ್ಲಿ ನನ್ನ ಕೈಯಿಂದಲೇ ಬರೆದಿದ್ದೇನೆ. ‘ನೀನು ಹುಟ್ಟಿದ ದಿನದ ಬಿಸಿಲು’. ‘ತಿಮ್ಮವ್ವಜ್ಜಿಯ ಕೋಪ’. ‘ಉಕ್ಕಡಗಾತ್ರಿ ಹೊಳೆದಂಡೆಯಲ್ಲಿ ನೀನು ಕಾಣದಾದ ಅರ್ಧ ತಾಸು’. ಕೊನೆಯದು, ‘ದನದ ಡಾಕ್ಟರಿಕೆ ಬೇಡ ಎಂದದ್ದಕ್ಕೆ’. ನಿನಗೆ ಬೇಕಾಗಿದ್ದದ್ದು ಅದೇ ಎಂದು ಬಲ್ಲೆ. ನೀನು ಬೀದರಿಗೆ ಹೊರಟ ದಿನ ಅವರು ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಆಮೇಲೆ ಆ ಮಾತು ಇಬ್ಬರೂ ಎತ್ತಲೇ ಇಲ್ಲ. ಅದರೊಳಗೆ ಏನಿತ್ತೋ ನನಗೆ ಗೊತ್ತಿಲ್ಲ. ಕ್ಷಮೆ ಕೇಳಿದ್ದರು ಎಂದು ಬರೆದುಬಿಡಲು ಮನಸ್ಸಾಯಿತು, ಆದರೆ ನನ್ನ ಊಹೆಯನ್ನು ಅಪ್ಪನ ಮಾತೆಂದು ನಿನಗೆ ಕೊಡಲಾರೆ.

ನಿನ್ನ ಕೈಗುಣ ಬೆಳೆಯಲಿ. ನೀನು ಮುಟ್ಟಿದ ಮೂಕಪ್ರಾಣಿ ಎದ್ದು ನಿಲ್ಲಲಿ. ಚಿಕ್ಕಪ್ಪ ನಿನ್ನನ್ನು ಕೇಳಿದ್ದಾರೆ.

ನಿನ್ನ ಅಮ್ಮ,
ಮೀನಾಕ್ಷಿ

ತಾ.ಕ.: ಕವರ್ ಅಂಟಿಸುವ ಹೊತ್ತಿಗೆ ಎದುರುಮನೆಯ ಹಜೀರಾಬೀ ಬಂದರು. ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ ಎಂದಿದ್ದರು. ಅವರಿಗೆ ಎಲ್ಲವನ್ನೂ ಹೇಳಿದೆ, ನಿನಗೆ ಬರೆಯದೆ ಬಿಟ್ಟದ್ದನ್ನೂ. ಜಾಗ ತುಂಬಿರಲಿಲ್ಲ, ಸಹನಾ. ದಿನಾ ಬೆಳಗ್ಗೆ ಕಂಪ್ಯೂಟರ್ ಹಚ್ಚಿದರೆ ನಿನ್ನ ಹೆಸರು ಕಾಣುತ್ತಿತ್ತು. ನಾಲ್ಕು ತಿಂಗಳು ಪಕ್ಕದ ಕುರ್ಚಿಯಲ್ಲಿ ಅವರ ಮಾತ್ರೆಡಬ್ಬಿ ಹಿಡಿದು ಕೂತವಳು ನಾನು. ನನ್ನ ಹೆಸರಿನದೊಂದು ಫೋಲ್ಡರ್ ಇರಲಿಲ್ಲ, ಒಂದು ಸಾಲೂ ಇರಲಿಲ್ಲ. ಅದು ನನ್ನ ಕಣ್ಣೆದುರು ಬೇಡವೆನಿಸಿತು, ಹರಿಹರದಲ್ಲಿರಲಿ ಎಂದು ತೆಗೆದೆ. ಇದನ್ನು ಮಗಳಿಗೆ ಹೇಗೆ ಬರೆಯಲಿ, ಜಾಗ ಇರಲಿಲ್ಲ ಎಂದೇ ಇದ್ದುಬಿಡಲಿ ಎಂದು ಅವರಿಗೆ ಅಂದೆ. ಹಜೀರಾಬೀ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಬ್ಯಾಡ್ರಿ ಮೀನಾಕ್ಷಮ್ಮ, ಇದ್ದಂಗೇ ಬರೀರಿ. ಮಿಷನ್ನಿಗೆ ಬೈದು ಯಾರ ದುಃಖ ಇಳೀತೈತ್ರಿ? ಅಪ್ಪನಂತೂ ಇಲ್ಲ. ಆಕಿಗೆ ಬೈಯ್ಯಾಕಾದ್ರೂ ಒಬ್ರು ಬೇಕಲ್ಲ, ನೀವು ಇರ್ರಿ” ಅಂದರು.