ದೇವರಿಗೆ ಕರ್ಟನ್, ನನಗೆ ಇಟ್ಟಿಗೆ

ಜೂನ್ 3, ಮಂಗಳವಾರ

ಬೆಳಿಗ್ಗೆ ಇವನನ್ನು ಮೆಮು ಟ್ರೈನಿಗೆ ಸಾಗಹಾಕಿ, ಅತ್ತೆಗೆ ಕಾಫಿ ಕೊಟ್ಟು, ಕಿಟಕಿ ಕೆಳಗೆ ಕೂತೆ. ಗಿರಾಕಿ ಲಿಖಿತಳ ಮದುವೆ ಬ್ಲೌಸು. ಬೆನ್ನ ತುಂಬ ಆರಿ ವರ್ಕ್, ಎರಡು ನವಿಲು. ಮದುವೆ ಶ್ರಾವಣದಲ್ಲಿ. ಮೆರೂನ್ ಎಂದು ಹೇಳಿಕೊಳ್ಳುವ ದಾರ ನನ್ನ ಹತ್ತಿರ ಮೂರಿವೆ. ಟ್ಯೂಬ್‌ಲೈಟಿನಲ್ಲಿ ಮೂರೂ ಒಂದೇ. ಕಿಟಕಿ ಬೆಳಕಿಗೆ ಹಿಡಿದಾಗಲೇ ಯಾವುದು ನಿಜ, ಯಾವುದು ಕಳ್ಳ ಎಂದು ಗೊತ್ತಾಗುವುದು.

ಜನರ ಎದುರಿಗೆ 'ಇವರು' ಅನ್ನುತ್ತೇನೆ. ಈ ಡೈರಿಯಲ್ಲಿ ಇವನು. ಗಂಡನಿಗೆ ಇಷ್ಟು ಮರ್ಯಾದೆ ಸಾಕು.

ಸಂಜೆ ಬಂದವನು ಷೂ ಬಿಚ್ಚುವ ಮೊದಲೇ ಘೋಷಣೆ.

"ಸುಮಾ, ಓಮ್ ತೇಟ್ರು ಮಾಡ್ಬಿಡಾನ. ಪ್ರೊಜೆಕ್ಟರು ತತ್ತೀನಿ. ನೂರಿಪ್ಪತ್ತಿಂಚು! ನಾಗೇಶ ಏಳ್ದ."

ನಾಗೇಶ — ಟ್ರೈನ್ ಬ್ಯಾಚಿನ ಪಂಡಿತ. ಬಂಗಾರಪೇಟೆಯಲ್ಲಿ ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿಯುವಷ್ಟರಲ್ಲಿ ಜಗತ್ತಿನ ಯಾವ ವಿಷಯ ಕೊಟ್ಟರೂ ಅರೆದು ಕುಡಿಸುತ್ತಾನೆ. ಹೋದ ವರ್ಷ ಇವನಿಗೆ ನೀರಿನ ಫಿಲ್ಟರ್ ಕೊಡಿಸಿದವನೂ ಅವನೇ. ಅದರಲ್ಲಿ ಈಗ ಅತ್ತೆ ಹುರುಳಿ ತುಂಬಿಟ್ಟಿದ್ದಾರೆ.

"ಸ್ಕ್ರೀನ್ ಎಲ್ಲಿ ಹಾಕ್ತೀರಿ?"

"ಸ್ಕ್ರೀನ್ ಯಾಕೆ? ಆ ಕಿಟ್ಕಿ ಮುಚ್ಬಿಟ್ಟು, ಗೋಡೆ ನೈಸಾಗಿ ಮಾಡಿ ಬಿಳೀ ಪೈಂಟ್ ಒಡುದ್ರೆ ಅದೇ ಸ್ಕ್ರೀನು!"

"ಗಾಳಿಗೇನ್ಲಾ ಮಾಡ್ತೀಯಾ?" ಅತ್ತೆ ಕೇಳಿದರು.

"ಫ್ಯಾನ್ ಐತಲ್ಲಮ್ಮ."

ಗಾಳಿಯ ಬಗ್ಗೆ ಕೇಳಿದ್ದಾಯಿತು. ಬೆಳಕಿನ ಬಗ್ಗೆ ಯಾರೂ ಕೇಳಲಿಲ್ಲ.

ಜೂನ್ 5

ಹೇಳಬಹುದು. 'ರೀ, ಅದು ನಾನು ಕೂತು ಹೊಲಿಯುವ ಕಿಟಕಿ' ಎಂದು. ಹೇಳುವುದಿಲ್ಲ. ಮದುವೆಯಾದಾಗಿನಿಂದ ಅದರ ಕೆಳಗೇ ಕೂತಿದ್ದೇನೆ. ಇವನು ಊಟ ಮಾಡುವಾಗ, ಪೇಪರ್ ಓದುವಾಗ, ಗೊರಕೆ ಹೊಡೆಯುವಾಗ — ನಾನು ಅಲ್ಲೇ. ಕಣ್ಣಿರುವವನಿಗೆ ಬೇರೆ ಹೇಳಬೇಕೇ?

ಇವನ ಜೊತೆ ವಾದ ಬೇಡ. ಕಿಟಕಿ ಮುಚ್ಚದೆ ನಡೆಯುವಂಥ ಪ್ರೊಜೆಕ್ಟರ್ ಯಾವುದು ಎಂದು ನಾನೇ ಹುಡುಕುತ್ತೇನೆ. ಅದನ್ನು ಇವನ ತಲೆಗೆ ತುಂಬಿಸುತ್ತೇನೆ. ತಲೆಯಲ್ಲಿ ಜಾಗವಂತೂ ಬೇಕಾದಷ್ಟಿದೆ.

ಮಧ್ಯಾಹ್ನ ಫೋನಿನಲ್ಲಿ ವಿಡಿಯೋ ಮೇಲೆ ವಿಡಿಯೋ. 'ಹಾಯ್ ಗಯ್ಸ್' ಎನ್ನುವ ಗಡ್ಡದವರು. ಎಲ್ಲರ ಮನೆಯಲ್ಲೂ ನೀಲಿ ಲೈಟು, ಒಬ್ಬರ ಮನೆಯಲ್ಲೂ ಕಿಟಕಿ ಇಲ್ಲ. ಡಬ್ಬದ ಮೇಲೆ 'ಹನ್ನೆರಡು ಸಾವಿರ ಲ್ಯೂಮೆನ್ಸ್' ಎಂದು ಬರೆದಿರುತ್ತಾರಂತೆ, ಬೆಳಕಿನ ಅಳತೆ. ಸುಳ್ಳು. 'ಆನ್ಸಿ' ಎಂದು ಮುಂದೆ ಇದ್ದರೆ ಮಾತ್ರ ನಂಬಬೇಕು, ಆಗ ಆ ಹನ್ನೆರಡು ಸಾವಿರವೇ ಬರೀ ಮುನ್ನೂರಕ್ಕೆ ಇಳಿಯುತ್ತದೆ. '4ಕೆ ಸಪೋರ್ಟ್' ಎಂದರೆ 4ಕೆ ತೋರಿಸುತ್ತದೆ ಎಂದಲ್ಲ, 4ಕೆ ಸಿನಿಮಾ ಕೊಟ್ಟರೆ ಬೇಡ ಅನ್ನುವುದಿಲ್ಲ, ಅಷ್ಟೇ. ಮದುವೆ ಬ್ರೋಕರುಗಳು ಹೀಗೇ ಮಾತಾಡುತ್ತಾರೆ.

ಜೂನ್ 8, ಭಾನುವಾರ

ನಾಗೇಶ ತನ್ನ ಪ್ರೊಜೆಕ್ಟರ್ ಹೊತ್ತುಕೊಂಡು ಬಂದ. ಡೆಮೋ ಅಂತೆ. ಕೈಯಲ್ಲಿ ಹಿಡಿದಿದ್ದು ನೋಡಿದರೆ ಕೈಗೂಸು ಅನ್ನಬೇಕು.

ಇವನೂ ಅವನೂ ಬೆಡ್‌ಶೀಟ್ ಹುಡುಕಿ ಕಿಟಕಿಗೆ ಕಟ್ಟುವುದರಲ್ಲಿದ್ದರು. ಅಷ್ಟರಲ್ಲಿ ಅತ್ತೆ ತಟ್ಟೆ ತಂದರು. ಮನೆಗೆ ಬಂದ ಸಾಮಾನು ಫ್ರಿಡ್ಜೋ ಬಕೆಟ್ಟೋ, ನಮ್ಮದೋ ಪಕ್ಕದ ಮನೆಯದೋ, ಅವರಿಗೆ ಲೆಕ್ಕವಿಲ್ಲ. ಅರಿಶಿನ ಕುಂಕುಮ ಬೀಳಲೇಬೇಕು. ಪ್ರೊಜೆಕ್ಟರಿಗೆ ಹಣೆ ಎಲ್ಲಿ ಎಂದು ಎರಡೂ ಕಡೆ ತಿರುಗಿಸಿ ನೋಡಿ, ದುಂಡಗೆ ಹೊಳೆಯುವ ಗಾಜು ಸಿಕ್ಕಿತು ಎಂದು ನಡುಮಧ್ಯಕ್ಕೇ ಇಟ್ಟರು. ನಾನು ನೋಡಿದೆ.

ಹಾಕಿದರು. ಹೀರೋಯಿನ್ ಮುಖದ ಮೇಲೆ ಕೆಂಪು ಮಬ್ಬು. ಕ್ರಿಕೆಟ್ ಹಾಕಿದರು, ಪಿಚ್ಚಿನ ಮೇಲೂ ಕೆಂಪು ಮಬ್ಬು.

"ಪ್ಯಾನಲ್ ವೀಕ್ ಆಗೈತೆ ಮುನಿರಾಜಣ್ಣ. ಕಲರ್ ಟೆಂಪರೇಚರ್ ಪ್ರಾಬ್ಲಮ್ಮು," ಎಂದ ಪಂಡಿತ, ಇವನಿಗೆ. ಸೆಟ್ಟಿಂಗ್ ಒಳಗೆ ಹೋಗಿ ಕೆಂಪು ಕಮ್ಮಿ ಮಾಡಿದ. ಹೀರೋಯಿನ್ ಹಸಿರಾದಳು. ಇವನು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದೇ ಆಡಿಸಿದ್ದು. ಆ ಗಾಜನ್ನು ಸೆರಗಿನ ತುದಿಯಲ್ಲಿ ಒಂದು ಸಲ ಒರೆಸಿದ್ದರೆ ಮುಗಿಯುತ್ತಿತ್ತು. ನಾನು ಮೂರು ಸಲ ಕಾಫಿ ಕೊಟ್ಟೆ, ಹೇಳಲಿಲ್ಲ. ತುಂಬ ದಿನಗಳ ಮೇಲೆ ಒಳ್ಳೆಯ ಸಂಜೆ.

ಜೂನ್ 10

ಅತ್ತೆಯನ್ನು ಎತ್ತಿಕಟ್ಟಿದೆ. ಹಾಲಿನ ಒಂದು ಕೊನೆಗೆ ಕಿಟಕಿ, ಇನ್ನೊಂದು ಕೊನೆಗೆ ದೇವರ ಮನೆ ಬಾಗಿಲು. ಕಿಟಕಿ ಗೋಡೆ ನೋಡಿಕೊಂಡು ಕೂತರೆ ಬೆನ್ನು ಯಾರಿಗೆ ಬರುತ್ತದೆ? ನಾನು ಬರೀ ಕೇಳಿದೆ. ಉಳಿದದ್ದು ಅವರೇ ನೋಡಿಕೊಂಡರು.

"ದೇವ್ರಿಗೆ ಬೆನ್ನಾಕ್ಕಂಡು ಕುತ್ಕಂತೀರೇನ್ಲಾ? ಅದೂ ಕಾಲ್ ಚಾಚ್ಕಂಡು, ಖಾರಾಪೂರಿ ತಿನ್ಕಂಡು?"

ಇವನು ತಬ್ಬಿಬ್ಬು. ಗೆದ್ದೆ ಅಂದುಕೊಂಡೆ. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಅತ್ತೆಯೇ ಪರಿಹಾರವನ್ನೂ ಹೇಳಿಬಿಟ್ಟರು.

"ಬಾಗ್ಲಿಗೆ ಒಂದು ದಪ್ಪ ಕರ್ಟನ್ ಬುಟ್ರಾಯ್ತು. ದೇವ್ರಿಗೆ ಕಾಣಾಕಿಲ್ಲ."

ಪರವಾಗಿಲ್ಲ. ದೇವರಿಗೆ ಕರ್ಟನ್, ನನಗೆ ಇಟ್ಟಿಗೆ. ಕರ್ಟನ್ ಹೊಲಿಯಬೇಕಾದವಳೂ ನಾನೇ.

ಜೂನ್ 14

ಸಿಕ್ಕಿತು.

ಪಕ್ಕದ ಗೋಡೆ. ಷೋಕೇಸ್ ಇರುವ ಗೋಡೆ. ಅದನ್ನು ಸ್ಕ್ರೀನ್ ಮಾಡಿದರೆ ದೇವರಿಗೆ ಬೆನ್ನಿಲ್ಲ, ಕಿಟಕಿಗೆ ಇಟ್ಟಿಗೆ ಇಲ್ಲ. ತೊಂದರೆ ಒಂದೇ: ಹಾಲ್ ಅಡ್ಡಕ್ಕೆ ಎಂಟಡಿ. ಇವನ ನೂರಿಪ್ಪತ್ತಿಂಚಿಗೆ ಮಾಮೂಲಿ ಪ್ರೊಜೆಕ್ಟರನ್ನು ಅಷ್ಟು ಹತ್ತಿರ ಇಟ್ಟರೆ ಸಾಲದು, ಚಿತ್ರ ಸಣ್ಣದಾಗುತ್ತದೆ. ಆದರೆ 'ಶಾರ್ಟ್ ಥ್ರೋ' ಎಂದು ಬೇರೆ ಜಾತಿಯೇ ಇದೆ. ಗೋಡೆಯಿಂದ ನಾಲ್ಕೈದಡಿಯಲ್ಲಿ ಇಟ್ಟರೂ ಗೋಡೆ ತುಂಬುತ್ತದೆ. ಹಗಲು ನನ್ನ ಕಿಟಕಿ ತೆರೆದಿರಲಿ. ಸಂಜೆ ಇವನು ಬಂದ ಮೇಲೆ ಕಿಟಕಿಗೆ ಒಂದು ಕರ್ಟನ್ ಎಳೆದರೆ ಸಾಕು.

ಇನ್ನೊಂದು ಓದಿದೆ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಕಪ್ಪು ಇರಬೇಕಾದ ಕಡೆ ಬೆಳಕು ಬಿಡದೆ ಸುಮ್ಮನಿರುತ್ತದೆ. ಕೋಣೆ ಎಷ್ಟು ಕತ್ತಲೆಯೋ ಅಷ್ಟೇ ಕಪ್ಪು. ಇದು ಇಷ್ಟವಾಯಿತು. ಇಷ್ಟವಾದದ್ದಕ್ಕೆ ಸಿಟ್ಟೂ ಬಂತು.

ಊಟದ ಹೊತ್ತಿಗೆ ಇವನ ಮುಂದೆ ಥ್ರೋ, ಲ್ಯೂಮೆನ್ಸ್, ಆನ್ಸಿ ಎಲ್ಲ ಸುರಿದೆ. ಮುದ್ದೆ ಇವನ ಕೈಯಲ್ಲೇ ಉಳಿಯಿತು.

"ಲೇ ಸುಮಾ! ನೀನ್ ನಾಗೇಶನ್ನೇ ಮೀರ್ಸ್ಬಿಟ್ಟೆ ಕಣೇ. ಇಷ್ಟೊಂದ್ ಆಸೆ ಇಟ್ಕಂಡು ಸುಮ್ನೆ ಇದ್ದೀಯಲ್ಲ!"

ನಾಗೇಶನನ್ನು ಮೀರಿಸುವುದು ಬಿರುದಲ್ಲ, ಬೈಗುಳ. ಆದರೆ ಇವನು ನಂಬುತ್ತಿದ್ದಾನೆ. ನಂಬಲಿ. ಪಕ್ಕದ ಗೋಡೆಯ ವಿಷಯ ಈಗಲೇ ಎತ್ತುವುದಿಲ್ಲ. ಮೊದಲು ಮಾಲು ಕೈಗೆ ಬರಲಿ.

ಜೂನ್ 19

ನವಿಲಿನ ಕತ್ತು ಮುಗಿಯಿತು. ಪ್ರೊಜೆಕ್ಟರ್ ಆರಿಸುವ ಕೆಲಸ ಈಗ ನನ್ನದಂತೆ. ಇವನು ದಿನಾ ಬಂದು 'ಪ್ರೊಜೆಕ್ಟರ್ ಎಲ್ಲಿಗ್ ಬಂತು?' ಎಂದು ನನ್ನನ್ನೇ ಕೇಳುತ್ತಾನೆ. ನಗುತ್ತಾನೆ. ಏನೋ ಮುಚ್ಚಿಟ್ಟುಕೊಂಡವನ ನಗು. ಬಹುಶಃ ಮತ್ತೆ ನಾಗೇಶನ ಮಾತು ಕೇಳಿ ಸ್ಪೀಕರ್ ಏನಾದರೂ ಬುಕ್ ಮಾಡಿರಬೇಕು. ಮಾಡಲಿ, ಸ್ಪೀಕರಿಗೆ ಕಿಟಕಿ ಮುಚ್ಚಬೇಕಾಗಿಲ್ಲ.

ಜೂನ್ 22, ಭಾನುವಾರ. ಸಂಜೆ ನಾಲ್ಕು

ಟ್ಯೂಬ್‌ಲೈಟ್ ಹಾಕಿಕೊಂಡು ಬರೆಯುತ್ತಿದ್ದೇನೆ. ಹೊರಗೆ ಇನ್ನೂ ಸುಡುಬಿಸಿಲು.

ಬೆಳಿಗ್ಗೆ ಕೆಜಿಎಫ್‌ಗೆ ಹೋದೆ. ಜರಿ ತರಬೇಕಿತ್ತು, ಹಾಗೇ ಪ್ರೊಜೆಕ್ಟರ್ ನೋಡಿ ಬರುತ್ತೇನೆ ಎಂದೆ. "ನಿಧಾನಕ್ಕೆ ನೋಡ್ಕಂಡು ಬಾ, ಅರ್ಜೆಂಟಿಲ್ಲ," ಎಂದ. ಬಸ್‌ಸ್ಟ್ಯಾಂಡಿನ ತನಕ ಬೈಕಿನಲ್ಲಿ ಬಿಟ್ಟ. ಆಗಲೇ ಅನುಮಾನ ಬರಬೇಕಿತ್ತು.

ರಾಬರ್ಟ್‌ಸನ್‌ಪೇಟೆಯಲ್ಲಿ ಕುಪ್ಪುಸ್ವಾಮಿಯ ಅಂಗಡಿ. ಫಂಕ್ಷನ್ನುಗಳಿಗೆ ಮೈಕು, ಪ್ರೊಜೆಕ್ಟರು ಬಾಡಿಗೆಗೆ ಕೊಡುತ್ತಾನೆ, ಮಾರುತ್ತಾನೆ. ಹೆಂಗಸು ಒಬ್ಬಳೇ ಬಂದಳು ಎಂದು ಹನ್ನೆರಡು ಸಾವಿರ ಲ್ಯೂಮೆನ್ಸಿನ ಸುಳ್ಳು ಡಬ್ಬವನ್ನೇ ಮುಂದಿಟ್ಟ.

"ಸೂಪರ್ ಪೀಸ್‌ಮ್ಮಾ. ನಂದಿದುರ್ಗ ಲೈನ್ಸ್‌ನಲ್ಲಿ ಮೂರು ಮನೆಗೆ ಕೊಟ್ಟಿದ್ದೀನಿ, ಕೇಳಿ ನೋಡು."

"ಆನ್ಸಿ ಎಷ್ಟು?"

"ಅದೆಲ್ಲಾ ಯಾಕ್‌ಮ್ಮಾ ನಿನಗೆ? ಬೆಳಕು ಚೆನ್ನಾಗಿ ಬರುತ್ತೆ."

"ಥ್ರೋ ರೇಶಿಯೋ?"

"ಅಯ್ಯೋ ರಾಮಾ," ಎಂದು ಕನ್ನಡಕ ತೆಗೆದು ಒರೆಸಿದ. ಆಮೇಲೆ ಒಳಗಿನಿಂದ ಬೇರೆ ಡಬ್ಬ ಬಂತು. ಶಾರ್ಟ್ ಥ್ರೋ. ಅಂಗಡಿಯ ಅಡ್ಡಗೋಡೆಗೆ ಬಿಡಿಸಿ ನೋಡಿದೆ. ನಾಲ್ಕೂವರೆ ಅಡಿಗೆ ಗೋಡೆ ತುಂಬ ಸಮುದ್ರ. ಬುಧವಾರ ಟ್ರಯಲಿಗೆ ಮನೆಗೆ ಕಳಿಸುತ್ತೇನೆ, ಹಿಡಿಸಿದರೆ ದುಡ್ಡು ಎಂದ. ಬಸ್ಸಿನಲ್ಲಿ ಹಾಡು ಗುನುಗಿದೆ. ನಾನು. ಬಸ್ಸಿನಲ್ಲಿ.

ಮನೆ ಬಾಗಿಲಲ್ಲಿ ಮರಳು. ಒಳಗೆ ಕತ್ತಲೆ.

ಕಿಟಕಿಯನ್ನು ಚೌಕಟ್ಟು ಸಮೇತ ಕಿತ್ತು ಹೊರಗೆ ಒರಗಿಸಿದ್ದರು. ಅದರ ಜಾಗದಲ್ಲಿ ಇಟ್ಟಿಗೆ, ಕೆಳಗಿನಿಂದ ಮೇಲಿನ ತನಕ. ಮೇಸ್ತ್ರಿ ಆಂಜಿನಪ್ಪ ಕೈ ತೊಳೆದುಕೊಂಡು ಹೊರಡುತ್ತಿದ್ದ. ಪ್ಲಾಸ್ಟರ್ ನಾಳೆಯಂತೆ. ಅತ್ತೆ ಆ ಗೋಡೆಗೂ ಕುಂಕುಮ ಇಟ್ಟು ಕರ್ಪೂರ ಹಚ್ಚಿದ್ದರು.

ಇವನ ಮುಖ... ಮೊಣಕೈ ತನಕ ಸಿಮೆಂಟು, ಕಿವಿಯ ತನಕ ನಗು.

"ಸರ್ಪ್ರೈಸು! ಗುರ್ವಾರದಿಂದ ಆಷಾಡ ಕಣೇ, ಆಮೇಲೆ ಕಟ್ಟೋ ಕೆಲ್ಸ ಮುಟ್ಟಂಗಿಲ್ಲ. ನಿನ್ ಆಸೆ ನೋಡಿ ತಡ್ಯಾಕಾಗ್ಲಿಲ್ಲ. ಭಾನ್ವಾರ ಅಂತ್ಲೂ ನೋಡ್ದೆ ನಾನೇ ಇಟ್ಗೆ ಒತ್ತು ಕೊಟ್ಟೆ."

ನನ್ನ ಆಸೆ! ವಾರದ ಹಿಂದೆ ಇವನ ತಲೆಗೆ ನಾನೇ ತುಂಬಿದ್ದು. ನನ್ನ ಸೂಜಿ, ನನ್ನ ದಾರ, ಲಿಖಿತಳ ಅರ್ಧ ನವಿಲು, ಎಲ್ಲ ಒಂದು ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ್ದರು. ಸಿಮೆಂಟು ಬೀಳಬಾರದು ಎಂದು, ಜೋಪಾನವಾಗಿ. ಬಾಯಿ ಬಿಟ್ಟೆ.

"ಅದು ನನ್ನ ಕಿಟಕಿ. ನನಗೆ ಬೇಕು."

"ಆಂ?"

"ಹೊಲಿಯೋಕೆ ಬೆಳಕು ಬೇಕು ರೀ. ಬಣ್ಣ ಕಾಣಬೇಕು. ಅದಿಲ್ಲದಿದ್ರೆ ನಾನು ಈ ಮನೇಲಿ ಎಲ್ಲಿ ಕೂರಲಿ?"

"ದೊಡ್ಡ ಲೈಟ್ ಆಕ್ಸ್ತೀನಿ..."

"ಬೇಡ. ಕಿಟಕಿ."

ಇವನು ಗೋಡೆ ನೋಡಿದ, ನನ್ನನ್ನು ನೋಡಿದ. ನಗು ಎಲ್ಲಿ ಇಳಿಸಬೇಕು ಎಂದು ಗೊತ್ತಾಗಲಿಲ್ಲ ಇವನಿಗೆ.

"ಮತ್ತೆ ಮೊದ್ಲೇ ಯಾಕ್ ಏಳ್ಲಿಲ್ಲ?"

ಉತ್ತರ ಇತ್ತು. ಮೂರು ವಾರದಿಂದ ಮಸೆದು ಇಟ್ಟುಕೊಂಡಿದ್ದೆ: ಕಣ್ಣಿರುವವನಿಗೆ ಹೇಳಬೇಕೇ ಎಂದು. ಹೊರಗೆ ಬರಲಿಲ್ಲ. ಇವನು ನಿಜವಾಗಿಯೂ ಕೇಳುತ್ತಿದ್ದ. ಗೊತ್ತಿಲ್ಲದೆ ಕೇಳುತ್ತಿದ್ದ. ಅಷ್ಟು ವರ್ಷ ನಾನು ಅಲ್ಲಿ ಕೂತದ್ದು ನೆರಳಿಗೋ ಗಾಳಿಗೋ ಅಂದುಕೊಂಡಿದ್ದನೋ ಏನೋ, ಪುಣ್ಯಾತ್ಮ.

"ಅಮಾಸೆ ಮುಂದೆ ಕಟ್ಟಿದ್ದ ಒಡೀಬಾರ್ದು," ಎಂದರು ಅತ್ತೆ. ಇವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾನು ಚೀಲ ಎಳೆದು, ಈ ಪುಸ್ತಕ ಹುಡುಕಿ, ಗೋಡೆ ಮುಂದೆ ಕೂತೆ. ಗಾರೆ ಇನ್ನೂ ಹಸಿ. ಬೆರಳಿಟ್ಟರೆ ಇಳಿಯುತ್ತದೆ. ವಾಸನೆಯೂ ಹಸಿ.

ಏನೋ ಸದ್ದು. ಗೋಡೆಯ ಆಚೆ. ಕಬ್ಬಿಣ ಕೆರೆದ ಹಾಗೆ.

"ಸುಮಾ! ಕೇಳ್ತೈತಾ? ನಾನೇ. ಒಳಗಿಂದ ತಳ್ಳು, ನಾನ್ ಇಲ್ಲಿ ಇಡ್ಕಂತೀನಿ. ಕೆಳಗಿನ್ ಸಾಲಿಂದ ತಳ್ಳು!"

ಕೆಳಗಿನಿಂದಂತೆ. ಇಡೀ ಗೋಡೆಯನ್ನು ಕಾಲ ಮೇಲೆ ಹಾಕಿಕೊಳ್ಳುತ್ತಾನೆ ಮೂರ್ಖ. ಮೇಲಿನಿಂದ ಶುರು ಮಾಡಬೇಕು ಎಂದು ಮಗುವಿಗೂ ಗೊತ್ತಾಗುತ್ತದೆ. ಇವನಿಗೆ ಗೊತ್ತಾಗುವುದಿಲ್ಲ. ಹೇಳಬೇಕು. ಹೇಳದಿದ್ದರೆ ಇವನು ಅಲ್ಲೇ ಕೈ ಚಾಚಿಕೊಂಡು — ಪೆನ್ನು ಆಮೇಲೆ.