ಆಚೆ ದಡದ ಪೇಪರು

ಜೂನ್ 11, ಬುಧವಾರ

ಪೇಪರು ಇವತ್ತೂ ಎರಡನೇ ಬಸ್ಸಿಗೆ ಬಂತು. ಬೀಗ ತೆಗೆದು, ಕಸ ಗುಡಿಸಿ, ಅಪ್ಪನನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಒರೆಸಿ ಕೊಟ್ಟು... ಆಮೇಲೆ ನನ್ನ ನೌಕರಿ ಶುರು. ಪಂಚಾಯ್ತಿಯವರು ಲೈಬ್ರರಿಗೆ ‘ಅರಿವು ಕೇಂದ್ರ’ ಅಂತ ಬೋರ್ಡು ಹಾಕಿದ್ದಾರೆ. ಕಿಟಕಿ ಪಕ್ಕದ ಮೂಲೆ ಮರೆವು ಉಪಕೇಂದ್ರ. ಎರಡಕ್ಕೂ ನಾನೇ ಮೇಲ್ವಿಚಾರಕ.

ಮನೆಯಲ್ಲಿ ಅವ್ವನೊಬ್ಬಳಿಗೆ ಅಪ್ಪನನ್ನು ಹಿಡಿಯಲು ಆಗುವುದಿಲ್ಲ. ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅಪ್ಪ, ಕಂಡಕ್ಟರ್ ಮರಿಸ್ವಾಮಿ, ಬೀದಿಯಲ್ಲಿ. ಖಾಸಗಿ ಬಸ್ಸಿನ ಕಂಡಕ್ಟರಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಲ್ಲ ಸುತ್ತಿದವರು. ಕೆಲಸ ಬಿಟ್ಟು ಎಷ್ಟೋ ವರ್ಷ. ಮರೆವು ಬಂದ ಮೇಲೆ ಮತ್ತೆ ಡ್ಯೂಟಿಗೆ ಹಾಜರು.

ಲೈಬ್ರರಿಗೆ ಯಾರು ಬಂದರೂ ‘ಟಿಕೆಟ್, ಟಿಕೆಟ್’. ಪಿಡಿಒ ಪರೀಕ್ಷೆಗೆ ಓದುವ ಸ್ನೇಹ ಮಾತ್ರ ನಗದೆ ನಿಲ್ಲುತ್ತಾಳೆ.

“ಒಂದು ಪಾಂಡವಪುರ ಕೊಡಿ ತಾತ.”

“ಚಿಲ್ರೆ ಕೊಡವ್ವ. ಬೆಳಗ್ಗೆ ಬೆಳಗ್ಗೇನೆ ಎಲ್ರೂ ನೋಟು ಚಾಚುದ್ರೆ ನಾನೆಲ್ಲಿಗೋಗ್ಲಿ?”

ಹಳೆಯ ಲೈಬ್ರರಿಗಳಲ್ಲಿ ಸದಸ್ಯರ ಚೀಟಿಗೂ ಟಿಕೆಟ್ ಅಂತಲೇ ಹೆಸರಿತ್ತು. ನಾನು ಎರಡು ವರ್ಷ ಮೈಸೂರಲ್ಲಿ ಕೂತು ಎಂ.ಲಿಬ್. ಮಾಡಿ ಕಲಿತದ್ದು. ಅಪ್ಪ ನಿಂತೇ ಕಲಿತಿದ್ದಾರೆ, ಫುಟ್‌ಬೋರ್ಡಿನ ಮೇಲೆ.

ಮಧ್ಯಾಹ್ನ ಒಬ್ಬರು ಕುರಿ ಸಾಕಣೆ ಪುಸ್ತಕ ಕೇಳಿಕೊಂಡು ಬಂದರು. ಕೊಟ್ಟೆ. ಹೋಗಲಿಲ್ಲ. ಮಳೆ ಬಗ್ಗೆ ಮಾತಾಡಿದರು. ಇನ್ನೂ ಹೋಗಲಿಲ್ಲ. ಕೊನೆಗೆ ಹೊರಬಿತ್ತು — ತಾಯಿಯ ವಿಧವಾ ಪಿಂಚಣಿ ನಿಂತುಹೋಗಿದೆ, ಯಾರನ್ನು ಕೇಳಬೇಕು? ಕುರಿಯಿಂದ ಪಿಂಚಣಿಗೆ ಬರುವಷ್ಟರಲ್ಲಿ ಟೀ ಎರಡು ಸಲ ಆಯಿತು. ಎಂ.ಲಿಬ್.ನಲ್ಲಿ ಹೇಳಿಕೊಟ್ಟದ್ದರಲ್ಲಿ ಇದೊಂದು ಮಾತ್ರ ನಿಜ: ಜನ ಬೇಕಾದ್ದನ್ನು ನೇರವಾಗಿ ಕೇಳುವುದಿಲ್ಲ. ಸುತ್ತಿ ಬರುತ್ತಾರೆ. ಕಾಯಬೇಕು.

ಜೂನ್ 17

ಅಪ್ಪನಂಥ ಓದುಗ ಸಿಕ್ಕರೆ ಇಲಾಖೆ ಹೊಸ ಪೇಪರು ತರಿಸುವುದೇ ಬೇಡ. ನಿನ್ನೆಯದನ್ನೇ ಕೊಟ್ಟರೆ ಇವತ್ತಿನದು. ಮಧ್ಯಾಹ್ನ ಅದನ್ನೇ ತಿರುವಿ ಇಟ್ಟರೆ ನಾಳೆಯದು. ಓದುವುದೂ ಜೋರಾಗಿ — ಡೀಸೆಲ್ ಇಂಜಿನ್ನಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು.

ಇವತ್ತು ಒಳಪುಟದಲ್ಲಿ ‘ಕಾಣೆಯಾಗಿದ್ದಾರೆ’. ಯಾರೋ ಹೆಂಗಸು. ಅಪ್ಪ ಪೂರ್ತಿ ಓದಿ, ಫೋಟೋದ ಮೇಲೆ ಬೆರಳಿಟ್ಟರು.

“ಪಾಪ ಕಣ್ಲಾ ರಘು. ಯಾರ ಮನೇವ್ರೋ. ಮನೇಲಿ ಒಲೆ ಅಚ್ಚಿರಾಕಿಲ್ಲ.”

ಊಟ ಆದ ಮೇಲೆ ಮತ್ತೆ ಅದೇ ಪುಟ. ಅದೇ ಬೆರಳು. ಅದೇ “ಪಾಪ ಕಣ್ಲಾ”. ಕಣ್ಣಲ್ಲಿ ನೀರು ಕೂಡ ಅದೇ. ನಮ್ಮ ಕನಿಕರ ಒಂದು ಸಲಕ್ಕೆ ಮುಗಿಯುತ್ತದೆ. ಅಪ್ಪನದು ಪ್ರತಿ ಸಲವೂ ಮೊದಲ ಮುದ್ರಣ.

ಸಂಜೆ ಬೀಗ ಹಾಕುವಾಗ — “ಊರಿಗೋಗ್ಬೇಕು ಕಣ್ಲಾ, ಒತ್ತಾಯ್ತು.” ಇದೇ ಊರು ಅಪ್ಪ ಅಂದೆ. ಅಕ್ಕಿಹೆಬ್ಬಾಳು. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನನ್ನು ನೋಡಿದ ಹಾಗೆ.

ಜೂನ್ 20, ಶುಕ್ರವಾರ

ಅಪ್ಪ ಇಲ್ಲ.

ಓದುವ ಕಾರ್ಯಕ್ರಮದ ಫೋಟೋ ಹನ್ನೆರಡರೊಳಗೆ ಅಪ್‌ಲೋಡ್ ಆಗಬೇಕು ಅಂತ ಮೇಲಿಂದ ಫೋನು. ಸ್ಕೂಲ್ ಮಕ್ಕಳನ್ನು ಹೊರಗೆ ಸಾಲಾಗಿ ನಿಲ್ಲಿಸಿ, ಕೈಗೊಂದು ಪುಸ್ತಕ ಕೊಟ್ಟು, ಫೋಟೋ ತೆಗೆದು, ನೆಟ್‌ವರ್ಕಿಗಾಗಿ ಅರಳಿಕಟ್ಟೆಯವರೆಗೆ ಹೋಗಿ... ಬಂದರೆ ಕುರ್ಚಿ ಖಾಲಿ. ಪೇಪರಿನ ಮೇಲೆ ಕನ್ನಡಕ.

ಫೋಟೋ ದೊಡ್ಡದು ಮಾಡಿ ನೋಡಿದೆ. ಮಕ್ಕಳ ಹಿಂದೆ, ಅಂಚಿನಲ್ಲಿ, ಬಿಳಿ ಅಂಗಿಯ ಬೆನ್ನು. ಬಸ್ ಸ್ಟಾಪಿನ ಕಡೆಗೆ.

ಸರ್ಕಾರಕ್ಕೆ ಹೋಗಿದೆ ಆ ಫೋಟೋ. ‘ಉತ್ತಮ’ ಅಂತ ಹೆಬ್ಬೆರಳು ಬಂದಿದೆ.

ಜೂನ್ 22

ಕಂಪ್ಲೇಂಟ್ ಕೊಟ್ಟಾಯಿತು. ಚಿಕ್ಕಪ್ಪ — ಅಪ್ಪನ ತಮ್ಮ ಚಿಕ್ಕಸ್ವಾಮಿ — ಬೈಕಿನಿಂದ ಇಳಿದೇ ಇಲ್ಲ.

“ಕಂಡಕ್ಟರ್ ಅಲ್ವೇನ್ಲಾ ಅವ್ನು? ಬಸ್ಸೇ ಅತ್ತಿರ್ತಾನೆ. ಅವ್ನ ಲೈನೆಲ್ಲಾ ಇಡ್ಕಂಡು ಓಗಮಾ, ಸಿಕ್ದೆ ಎಲ್ಲಿಗೋದಾನು?”

ಕೆ.ಆರ್.ಪೇಟೆ ಸ್ಟ್ಯಾಂಡು. ಪಾಂಡವಪುರ ಸ್ಟ್ಯಾಂಡು. ಶ್ರೀರಂಗಪಟ್ಟಣದಲ್ಲಿ ಸ್ನಾನಘಟ್ಟದವರೆಗೂ. ಹಳೆಯ ಡ್ರೈವರೊಬ್ಬರು ಸಿಕ್ಕಿ, “ಮರಿಸ್ವಾಮಣ್ಣನಾ? ನಮ್ಗೇ ದಾರಿ ಯೋಳ್ಕೊಟ್ಟೋನು, ಅವ್ನೆಲ್ಲಪ್ಪಾ ತಪ್ಪುಸ್ಕತಾನೆ” ಅಂದರು. ಸಮಾಧಾನಕ್ಕೆ ಅಂದದ್ದು.

ಜೂನ್ 29

ಪೋಸ್ಟರು ಅಂಟಿಸಿದ್ದೇವೆ, ನಾಲ್ಕೂ ತಾಲ್ಲೂಕಿನಲ್ಲಿ. ವಾಟ್ಸಾಪ್ ಗ್ರೂಪುಗಳಲ್ಲಿ ಅಪ್ಪ ನನಗಿಂತ ಜಾಸ್ತಿ ಓಡಾಡುತ್ತಿದ್ದಾರೆ. ಹಾಲಿನ ಡೇರಿ ಗ್ರೂಪು, ಆಟೋದವರ ಗ್ರೂಪು, ಮಂಡ್ಯದ ಬ್ರಹ್ಮಚಾರಿಗಳ ಗ್ರೂಪು. ಲೈಬ್ರರಿ ಸಂಬಳಕ್ಕೆ ಹೆಣ್ಣು ಸಿಗದಿದ್ದರೂ ಗ್ರೂಪು ಸಿಕ್ಕಿದೆ.

‘ನಾಗಮಂಗಲದಲ್ಲಿ ಕಂಡೆ’ ಅಂತ ಒಬ್ಬರು ಹಾಕಿದರು. ಹೋದೆ. ಬೇರೆ ಅಜ್ಜ. ಅವರ ಮನೆಯವರಿಗೆ ಫೋನು ಮಾಡಿ ಒಪ್ಪಿಸಿ ಬಂದೆ. ಅವರ ಮಗಳು ನನ್ನ ಕಾಲಿಗೆ ಬಿದ್ದಳು. ಬಸ್ಸಲ್ಲಿ ಬರುವಾಗ ಹೊಟ್ಟೆಕಿಚ್ಚಾಯಿತು. ಇಲ್ಲಿ ಯಾರೂ ಓದುವುದಿಲ್ಲ, ಬರೆಯಬಹುದು: ಹೊಟ್ಟೆಕಿಚ್ಚೇ.

ಅವ್ವ ಬಿಂಡಿಗನವಿಲೆ ಕಡೆ ಹೋಗಿ ದೇವರು ಕೇಳಿಸಿಕೊಂಡು ಬಂದಳು.

“ಬಡಗ ದಿಕ್ಕಂತೆ ಕಣ್ಲಾ. ಜೀವಂತವಾಗವ್ರಂತೆ.”

“ಬಡಗಲ್ಲಿ ಎಲ್ಲಿ ಅಂತ ಕೇಳ್ಬೇಕಿತ್ತು, ಲೊಕೇಶನ್ ಕಳಿಸ್ತಿತ್ತು.”

ಅವ್ವ ನಗಲಿಲ್ಲ. ನಾನೂ ಮರುದಿನ ಬೆಳಿಗ್ಗೆ ಬಡಗಕ್ಕೇ ಹೋದೆ.

ಪೇಪರು ಬಂದ ಕೂಡಲೇ ಈಗ ಒಳಪುಟ. ‘ಅಪರಿಚಿತ’ ಎಂಬ ಪದ ಹುಡುಕುತ್ತೇನೆ. ಇಲ್ಲದಿದ್ದರೆ ಉಸಿರು. ಆಮೇಲೆ ಕಂಪ್ಯೂಟರಿನಲ್ಲಿ ಉಳಿದ ಪೇಪರುಗಳು. ಅಲ್ಲಿಯೂ ಇಲ್ಲದಿದ್ದರೆ ಇನ್ನೊಂದು ಉಸಿರು. ಇಷ್ಟು ವರ್ಷ ಬೇರೆಯವರಿಗೆ ಹುಡುಕಿಕೊಟ್ಟವನು.

ಜುಲೈ 16, ಬುಧವಾರ

ಬೆಳಿಗ್ಗೆ ಸ್ನೇಹ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ ಈಗಲೂ, ಟಿಕೆಟ್ ಕೇಳಲಿ ಅಂತ.

“ಸರ್, ಮೈಸೂರ್ ಪೇಪರ್ ತರ್ಸಲ್ವಾ? ಅಲ್ಲೊಂದು ಸೊಸೈಟಿ ಕೆಲ್ಸಕ್ಕೆ ಕರ್ದವ್ರಂತೆ. ನನ್ ಫ್ರೆಂಡ್ ನೋಡವ್ಳೆ. ನಮ್ ಪೇಪರಲ್ಲಿ ಬಂದೇ ಇಲ್ಲ.”

ತಲೆ ಎತ್ತದೆ ಹೇಳಿದೆ: “ನಮ್ಗೆ ಮಂಡ್ಯ ಆವೃತ್ತಿ ಮಾತ್ರ ಬರೋದು ಕಣಮ್ಮ. ಹೊಳೆ ಆಚೇದು ಏನಿದ್ರೂ ಆಚೆ ಪೇಪರಲ್ಲೇ...”

ನನ್ನ ಬಾಯಿಂದಲೇ ಬಂತು. ಈ ಉತ್ತರ ಎಷ್ಟು ಜನಕ್ಕೆ ಕೊಟ್ಟಿದ್ದೇನೋ. ನನಗೆ ನಾನು ಕೊಟ್ಟುಕೊಂಡಿರಲಿಲ್ಲ.

ಕಂಪ್ಯೂಟರಿನಲ್ಲಿ ಪೇಪರು ತೆರೆದರೆ ಮೊದಲು ‘ಜಿಲ್ಲೆ ಆರಿಸಿ’ ಅನ್ನುತ್ತದೆ. ದಿನಾ ಮಂಡ್ಯ ಒತ್ತಿದ್ದೇನೆ. ಕೈಗೆ ಅಷ್ಟು ಅಭ್ಯಾಸ. ಪೊಲೀಸರು ನಮ್ಮ ಜಿಲ್ಲೆಯವರು, ಪೋಸ್ಟರು ನಮ್ಮ ಜಿಲ್ಲೆಯಲ್ಲಿ, ಗ್ರೂಪುಗಳೆಲ್ಲ ನಮ್ಮ ಜಿಲ್ಲೆಯವು. ಈ ಕಿಟಕಿಯಿಂದ ನಡೆದರೆ ಹೇಮಾವತಿ. ಹೇಮಾವತಿ ದಾಟಿದರೆ ಮೈಸೂರು ಜಿಲ್ಲೆ.

ಮೈಸೂರು ಒತ್ತಿದೆ. ಹಿಂದಕ್ಕೆ ಹೋದೆ, ದಿನ ದಿನವಾಗಿ.

ಜೂನ್ 25ರದ್ದು. ಫೋಟೋ. ‘ಅಪರಿಚಿತ ವೃದ್ಧ ಪತ್ತೆ. ರೈಲ್ವೆ ನಿಲ್ದಾಣದಲ್ಲಿ ಒಬ್ಬರೇ ಕುಳಿತಿದ್ದರು. ಹೆಸರು, ಊರು ತಿಳಿಸುತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿದ್ದಾರೆ. ಸಂಬಂಧಿಕರು ಸಂಪರ್ಕಿಸಬೇಕು.’

ಬಸ್ ಸ್ಟಾಪಿನ ದಾರಿಯೇ ಮುಂದೆ ಹೋಗಿ ನಮ್ಮೂರ ರೈಲ್ವೆ ಸ್ಟೇಷನ್ನಿಗೆ ಸೇರುತ್ತದೆ. ಬಸ್ಸಿನವರಾದ ಅಪ್ಪ ಹೊಳೆ ದಾಟುವ ರೈಲು ಹತ್ತಿದ್ದಾರೆ. ನಾವು ಬಸ್ ಸ್ಟ್ಯಾಂಡುಗಳನ್ನು ಜಾಲಾಡಿದೆವು.

ಎದ್ದು ಕುಣಿಯಬೇಕು ಅನಿಸಿತು. ಸ್ನೇಹ ಆಗಲೇ “ತಾತ ಸಿಕ್ಬುಟ್ರು!” ಅಂತ ಕೂಗಿಕೊಂಡು ಹೊರಗೆ ಓಡಿದ್ದಳು.

ಫೋನಿಗೆ ಕೈ ಹಾಕುವ ಮೊದಲು ಮುಂದಿನ ದಿನಗಳನ್ನೂ ನೋಡಿದೆ. ಯಾಕೆ ನೋಡಿದೆನೋ. ಹುಡುಕಿದರೆ ಪೂರ್ತಿ ಹುಡುಕಬೇಕು ಅನ್ನುವ ಕಸುಬಿನ ಚಟ.

ಜುಲೈ 6ರಂದು ಇನ್ನೊಂದು. ಅದೇ ಫೋಟೋ. ತಲೆಬರಹದಲ್ಲಿ ‘ವೃದ್ಧ’ ಇದ್ದ ಜಾಗಕ್ಕೆ ಬೇರೆ ಪದ.

ಅವ್ವನ ದೇವರಿಗೂ ಮಂಡ್ಯ ಆವೃತ್ತಿ ಮಾತ್ರ ಬರುತ್ತದೆ ಅಂತ ಕಾಣುತ್ತೆ.

ಇದನ್ನು ಯಾಕೆ ಬರೆದೆ? ನಗು ಬರಲಿಲ್ಲ.

ಜುಲೈ 17

ಚಿಕ್ಕಪ್ಪನೂ ನಾನೂ ಹೊಳೆ ದಾಟಿದೆವು. ಬೈಕಿನಲ್ಲಿ, ಒಂದು ಮಾತಿಲ್ಲದೆ ಹೋಗುವಷ್ಟು ಹತ್ತಿರ.

ಪೊಲೀಸ್ ಸ್ಟೇಷನ್ನಿನಲ್ಲಿ ಫೋಟೋ ತೋರಿಸಿದರು. ಹೂಂ ಅಂದೆ. ಸಹಿ ಹಾಕಿದೆ. ಯಾರೂ ಬರಲಿಲ್ಲವೆಂದು ಮಣ್ಣು ಮಾಡಿಯಾಗಿತ್ತು. ಜಾಗ ತೋರಿಸಿದರು. ಗುಡ್ಡೆ ಇನ್ನೂ ಹಸಿ. ಮೇಲೆ ಯಾರೋ ಒಂದು ತುಂಬೆಗಿಡ ನೆಟ್ಟಿದ್ದರು, ಅಥವಾ ತಾನಾಗಿಯೇ ಬಂದಿತ್ತು.

ಆಸ್ಪತ್ರೆಗೆ ನಾನೊಬ್ಬನೇ ಒಳಗೆ ಹೋದೆ. ಚಿಕ್ಕಪ್ಪ ಬೈಕಿನ ಹತ್ತಿರ ಕೂತು ಅಳುತ್ತಿದ್ದರು, ಟವೆಲ್ಲು ಬಾಯಿಗೆ ಒತ್ತಿಕೊಂಡು. ವಾರ್ಡಿನ ಸಿಸ್ಟರು ಒಬ್ಬರು ನನ್ನ ಮುಖ ನೋಡಿಯೇ ಎದ್ದು ನಿಂತರು.

“ಟಿಕೆಟ್ ತಾತನ ಕಡೆಯವ್ರಾ?”

ಮಂಚದಿಂದ ಮಂಚಕ್ಕೆ ಹೋಗಿ ಟಿಕೆಟ್ ಕೇಳುತ್ತಿದ್ದರಂತೆ. ಡಾಕ್ಟರನ್ನೂ ಬಿಡದೆ. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿದ ಮೇಲೆ ಮಲಗಿದ ಕಡೆಯಿಂದಲೇ.

“ಪೇಪರ್ ಬೇಕು ಅನ್ನೋರು ಸರ್. ಕಣ್ಣು ಕಾಣಲ್ಲ ಅಂದ್ರು, ನನ್ ಕನ್ನಡಕಾನೇ ಕೊಟ್ಟೆ. ಅವ್ರ ಫೋಟೋ ಬಂದಿತ್ತಲ್ಲ, ಆ ಪೇಪರನ್ನ ದಿಂಬಿನ ಕೆಳಗೆ ಇಟ್ಕೊಂಡು ದಿನಾ ಅದನ್ನೇ ಓದೋರು, ಜೋರಾಗಿ. ಓದಿ, ತಮ್ಮ ಫೋಟೋ ಮೇಲೆ ತಾವೇ ಬೆರಳಿಟ್ಟು...”

ಹೇಳಿ ಅಂದೆ. ಏನು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು.

“‘ಪಾಪ, ಯಾರ ಮನೇವ್ರೋ. ಮನೇಲಿ ಒಲೆ ಅಚ್ಚಿರಾಕಿಲ್ಲ’ ಅನ್ನೋರು. ಮೊದ್ಲು ನಮ್ಗೆಲ್ಲ ನಗು ಬರೋದು ಸರ್. ಆಮೇಲಾಮೇಲೆ ಬರ್ತಿರ್ಲಿಲ್ಲ.”

ಜುಲೈ 18

ಅವ್ವನಿಗೆ ಹೇಳಿದೆವು. ಮೊಬೈಲಿನಲ್ಲಿ ಫೋಟೋ ನೋಡಿದಳು. ಗಡ್ಡ ಬೆಳೆದಿತ್ತು. ಕೆನ್ನೆ ಒಳಗೆ ಹೋಗಿತ್ತು.

“ಇದು ನಿಮ್ಮಪ್ಪ ಅಲ್ಲ.”

“ಅತ್ಗೆ, ನಮ್ಮಣ್ಣನ ಗುರ್ತು ನಂಗೆ ಸಿಗಾಕಿಲ್ವಾ?” ಚಿಕ್ಕಪ್ಪ ಮೊಬೈಲನ್ನು ಮತ್ತೆ ಅವಳ ಮುಂದೆ ಹಿಡಿದರು.

“ಕನ್ನಡಕ ಇಲ್ಲೈತೆ. ಕನ್ನಡಕ ಬುಟ್ಟು ಅವ್ರು ಯಾವತ್ತು ಎಲ್ಲಿಗೋಗಿದ್ರು? ಬತ್ತಾರೆ ಬುಡು.”

ಎದ್ದು ಒಲೆ ಹಚ್ಚಿದಳು. ಅಪ್ಪನಿಗೂ ಸೇರಿಸಿಯೇ ಮುದ್ದೆ ಕಟ್ಟಿದಳು.

ಜುಲೈ 27

ನೆಂಟರು ಬಂದು ಕೂತಿದ್ದಾರೆ. ತಿಥಿ ಆಗಬೇಕು, ಅವ್ವ ಬಳೆ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೆ ಮುಕ್ತಿ ಇಲ್ಲ. ಅವ್ವ ಒಂದೇ ಮಾತು: “ನನ್ ಗಂಡ ಬದ್ಕಿರುವಾಗ ನಾನ್ಯಾಕ್ಲಾ ಬಳೆ ತಗೀಲಿ?”

ಸಿಸ್ಟರು ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ. ಚಿಕ್ಕಪ್ಪನಿಗೂ. ಹೇಳಿದರೆ ಅವ್ವ ಒಪ್ಪುತ್ತಾಳೆ. ಒಪ್ಪಿದ ಮೇಲೆ, ಅಪ್ಪ ದಿನಾ ಓದಿದ ಆ ಪೇಪರನ್ನು ಅವಳೂ ದಿನಾ ಕೇಳಿಸಿಕೊಳ್ಳುತ್ತಾಳೆ. ನನ್ನ ಹಾಗೆ.

ಅವ್ವ ಈಗ ಹಾಲು ಹಾಕಿ ನೇರ ಲೈಬ್ರರಿಗೆ ಬರುತ್ತಾಳೆ. ಕಿಟಕಿ ಪಕ್ಕದ ಕುರ್ಚಿಯ ಎದುರು ನೆಲದ ಮೇಲೆ ಕೂರುತ್ತಾಳೆ. ಕುರ್ಚಿಯಲ್ಲಿ ಕೂರುವುದಿಲ್ಲ. ಸೆರಗಿನಲ್ಲಿ ಕನ್ನಡಕ ಒರೆಸಿ ಪೇಪರಿನ ಮೇಲಿಡುತ್ತಾಳೆ. ಮೈಸೂರು ಆವೃತ್ತಿಯೂ ಬರುತ್ತಿದೆ. ಬರಬೇಕಾದಾಗ ಬರಲಿಲ್ಲ.

“ಆಚೆ ದಡದ್ದೂ ಓದ್ಲಾ.”

ಓದುತ್ತೇನೆ. ಕಾಣೆಯಾದವರು, ಸಿಕ್ಕವರು. ಪ್ರತಿಯೊಂದಕ್ಕೂ “ಅಲ್ಲ, ಮುಂದ್ಕೋಗು” ಅನ್ನುತ್ತಾಳೆ. ಸ್ನೇಹ ಪುಸ್ತಕ ಮುಖಕ್ಕೆ ಅಡ್ಡ ಹಿಡಿಯುತ್ತಾಳೆ. ಆ ಪುಸ್ತಕದ ಹಾಳೆ ಮಾತ್ರ ತಿರುಗುವುದಿಲ್ಲ.

ಆಗಸ್ಟ್ 5, ಮಧ್ಯಾಹ್ನ

ಎಲ್ಲರೂ ಊಟಕ್ಕೆ ಹೋದರು. ಅವ್ವ ಏಳಲಿಲ್ಲ. ಕೈಯಲ್ಲಿ ಕನ್ನಡಕ, ಒರೆಸುತ್ತಲೇ ಇದ್ದಳು.

“ರಘು, ಒಂದ್ ಮಾತ್ ಕೇಳ್ತೀನಿ. ನಿಜ ಯೋಳ್ಬೇಕು.”

ಡೇರಿಯಲ್ಲಿ ಅಳೆಯುವ ಹಾಲಿನ ಡಿಗ್ರಿ ಬಗ್ಗೆಯೋ, ಹಸುವಿನ ಬಗ್ಗೆಯೋ ಶುರು ಮಾಡುತ್ತಾಳೆ, ಸುತ್ತಿ ಬರುತ್ತಾಳೆ, ಕಾಯೋಣ ಅಂದುಕೊಂಡೆ.

“ಆಸ್ಪತ್ರೇಲಿ ಆ ಮನ್ಸ ಯಾರ್ ತಾವಾರ ಟಿಕೆಟ್ ಕೇಳಿದ್ನಂತಾ?”

ಇಷ್ಟು ವರ್ಷದಲ್ಲಿ ಬೇಕಾದ್ದನ್ನು ನೇರವಾಗಿ ಕೇಳಿದವಳು ಇವಳೊಬ್ಬಳು.

“ಕೇಳಿದ್ನು ಅಂದ್ರೆ ಅವ್ರೇಯ. ನಾಳೇನೆ ಬಳೆ ತಗೀತೀನಿ, ಯಾರೂ ಯೋಳದ್ ಬ್ಯಾಡ. ಇಲ್ಲ ಅಂದ್ರೆ ಪೇಪರ್ ತಗಂಡು ಓದು.”

ಪೇಪರು ನನ್ನ ಮಡಿಲಲ್ಲೇ ಇತ್ತು, ಒಳಪುಟಕ್ಕೆ ಮಡಚಿ. ಇವತ್ತೂ ಒಂದಿತ್ತು. ಗಂಡಸು, ಸುಮಾರು ಎಪ್ಪತ್ತು, ಬಿಳಿ ಅಂಗಿ. ಓದಬಹುದಿತ್ತು. ಅವ್ವ ‘ಅಲ್ಲ, ಮುಂದ್ಕೋಗು’ ಅನ್ನುತ್ತಿದ್ದಳು, ನಾಳೆಯೂ ಬರುತ್ತಿದ್ದಳು.

“ಅವ್ವ,” ಅಂದೆ, “ಅಲ್ಲೊಬ್ರು ಸಿಸ್ಟರು...”

ಅವ್ವ ಒರೆಸುವುದನ್ನು ನಿಲ್ಲಿಸಿ, ಕನ್ನಡಕದ ಕಡ್ಡಿ ಎರಡೂ ಮಡಚಿ, ಕಿಟಕಿ ಪಕ್ಕದ ಕುರ್ಚಿಯ ಮೇಲಿಟ್ಟಳು.